ಖಾಲಿ ತಿಂಗಳಲ್ಲಿ ಹೊಲಿದ ಗಾದಿ

ಆಗ ನನಗೆ ಅರವತ್ತೈದು. ಅದಾಗಿ ಮೂರು ವರ್ಷ ಆಯಿತು. ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಮಳೆ ಬರುವ ಹಾಗೆ ಮಾಡುವುದು, ಬರದೆ ಹೋಗುವುದು ನಡೆದಿತ್ತು. ಶಹಾಬಾದಿನಲ್ಲಿ ಬೇಸಿಗೆ ಅಂದರೆ ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ ಸುಡುತ್ತದೆ. ನೆಲ ಫರ್ಸಿ ಕಲ್ಲು, ಅಂಗಳ ಫರ್ಸಿ ಕಲ್ಲು, ಅರ್ಧ ಗೋಡೆಯೂ ಅದೇ. ಮಧ್ಯಾಹ್ನ ಹೊಸ್ತಿಲ ಆಚೆ ಕಾಲಿಟ್ಟರೆ ರೊಟ್ಟಿಯ ಹಂಚಿನ ಮೇಲೆ ಇಟ್ಟ ಹಾಗೆ. ಅಂಥ ದಿನಗಳಲ್ಲಿ ನನ್ನ ಮಗಳಿಗೆ ಎರಡನೇ ಸಲ ಗಂಡು ಗೊತ್ತಾಯಿತು. ಗೊತ್ತಾದದ್ದು ಖಾಲಿ ತಿಂಗಳಲ್ಲಿ. ತಕರಾರು ಅಲ್ಲಿಂದಲೇ ಶುರು.

ಖಾಲಿ ತಿಂಗಳು ಅಂದರೆ ಏನು ಅಂತ ನಮ್ಮವರಲ್ಲದವರಿಗೆ ಹೇಳಬೇಕು. ಮಸೀದಿಯ ಕ್ಯಾಲೆಂಡರಿನಲ್ಲಿ ಅದರ ಹೆಸರು ಜಿಲ್ಕಾದ. ಆ ಹೆಸರು ನಮ್ಮ ಹೆಂಗಸರ ಬಾಯಲ್ಲಿ ಇಲ್ಲ. ಒಂದು ತಿಂಗಳಲ್ಲಿ ಏನು ಹಬ್ಬ ಬರುತ್ತದೆ, ಒಲೆಯ ಮೇಲೆ ಏನು ಇಡುತ್ತೇವೆ ಅನ್ನುವುದರ ಮೇಲೆ ನಾವು ಅದನ್ನು ಕರೆಯುವವರು. ಮೊಹರಂ ನಮಗೆ ಬೆಂಕಿಯ ಕುಣಿಯ ಸುತ್ತ ಆಡುವ ಅಲಾಯಿ ತಿಂಗಳು. ಅದರ ಬೆನ್ನಿಗೆ ಬರುವುದು ತೇರಾ ತೇಜಿ. ಅದರ ಮೊದಲ ಹದಿಮೂರು ದಿನಗಳು ಕೆಟ್ಟವು ಅಂತ ಕಡಲೆ ಕುದಿಸಿ ಹಂಚುತ್ತೇವೆ. ಶಬೇಬರಾತಿನ ತಿಂಗಳು ಹಲ್ವಾದ್ದು, ರಂಜಾನು ರೋಜಾದ್ದು, ಅದರ ಮುಂದಿನದು ಹಾಲು ಶಾವಿಗೆಯ ಸುರಕುಂಬಾದ್ದು. ಕಡೆಗೆ ಬಕ್ರೀದು. ರಂಜಾನು, ಬಕ್ರೀದು ಈ ಎರಡು ದೊಡ್ಡ ಹಬ್ಬಗಳ ನಡುವೆ ಒಂದು ತಿಂಗಳು ಸುಮ್ಮನೆ ಉಳಿದುಬಿಡುತ್ತದೆ. ಅದರಲ್ಲಿ ನಮ್ಮ ಮನೆಯಲ್ಲಿ ಹಬ್ಬವಿಲ್ಲ, ಸಿಹಿಯಿಲ್ಲ, ಹೊಸ ಬಟ್ಟೆಯಿಲ್ಲ. ಅದಕ್ಕೇ ಅದು ಖಾಲಿ.

ಖಾಲಿ ತಿಂಗಳಲ್ಲಿ ನಿಕಾ ಮಾಡುವುದಿಲ್ಲ. ಮಾಡಿದರೆ ಹುಡುಗಿಯ ಬಾಳು ಖಾಲಿಯಾಗುತ್ತದೆ ಅಂತ. ನಾವು ಪಿಂಜಾರರು. ಅರಳೆ ಹಿಂಜುವುದು, ಗಾದಿ ಹೊಲಿಯುವುದು ನಮ್ಮ ಕಸುಬು. ಮನೆಯ ಮಾತೂ ಕನ್ನಡವೇ, ಉರ್ದು ಅರ್ಧ ತಿಳಿಯುತ್ತದೆ. ನಿಕಾ ಇಲ್ಲ ಅಂದರೆ ಗಾದಿಯೂ ಇಲ್ಲ. ಬೇರೆಯವರ ಮದುವೆಗೆ ಈಗ ಫೋಮಿನ ಗಾದಿ ಬಂದುಬಿಟ್ಟಿದೆ, ಅಂಗಡಿಯಿಂದ ಸುತ್ತಿಕೊಂಡು ಹೋಗುತ್ತಾರೆ. ಅರಳೆಯ ಗಾದಿಯೇ ಬೇಕು ಅನ್ನುವವರು ನಮ್ಮವರೇ. ಹಾಗಾಗಿ ಆ ತಿಂಗಳು ನಮ್ಮ ಅಂಗಡಿಯೂ ಖಾಲಿ. ಹಳೆಯ ಗಾದಿ ಬಿಚ್ಚಿ ಅರಳೆ ಮತ್ತೆ ಹಿಂಜಿಸಿಕೊಳ್ಳುವವರು ನಾಲ್ಕು ಮಂದಿ ಬಂದರೆ ಬಂದರು. ಮದುವೆಯ ಗಾದಿಯನ್ನಂತೂ ಆ ತಿಂಗಳಲ್ಲಿ ಕತ್ತರಿಸುವುದಿಲ್ಲ, ದಾರದ ಟಾಕಾ ಹಾಕುವುದಿಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ನಮ್ಮತ್ತೆ ಆ ತಿಂಗಳು ಹುಟ್ಟಿದ ಕೂಡಲೇ ದೊಡ್ಡ ದಬ್ಬಣವನ್ನು ಬಟ್ಟೆಯಲ್ಲಿ ಸುತ್ತಿ ಜಂತಿಯ ಸಂದಿನಲ್ಲಿ ಇಟ್ಟುಬಿಡುತ್ತಿದ್ದಳು. ಕಣ್ಣು ಹೋದ ಮೇಲೆ ನನ್ನ ಕೈಯಿಂದ ಇಡಿಸುತ್ತಿದ್ದಳು.

ಮಗಳ ಮಾತು ಹೇಳಬೇಕು. ಅವಳಿಗೆ ಆಗ ಮೂವತ್ತನಾಲ್ಕು. ನನಗೆ ಹುಟ್ಟಿದವರಲ್ಲಿ ಮೂರು ಹೋದವು, ಇದೊಂದು ಉಳಿಯಿತು. ಸೇಡಂಗೆ ಕೊಟ್ಟಿದ್ದೆವು. ಒಳ್ಳೆಯ ತಿಂಗಳು ನೋಡಿಯೇ ಕೊಟ್ಟಿದ್ದೆವು. ನನ್ನ ಗಂಡ ಆಗ ಇದ್ದ, ಹೊಸ ಅರಳೆ ಹಾಕಿ ಎರಡು ಮೊಳಕಾಲು ಮುಳುಗುವಂಥ ಗಾದಿ ಹೊಲಿದು ಕಳಿಸಿದ್ದ. ಐದು ವರ್ಷಕ್ಕೆ ಆ ಸೇಡಂನವನು ಮಕ್ಕಳಾಗಲಿಲ್ಲ ಅಂತ ತಲಾಖ್ ಕೊಟ್ಟು ಬಸ್ಸು ಹತ್ತಿಸಿದ. ಹುಡುಗಿ ತಿರುಗಿ ಬಂದಳು, ಗಾದಿ ಬರಲಿಲ್ಲ. ಅದರ ಮೇಲೆ ಇನ್ನೊಬ್ಬಳು ಮಲಗಿದಳು. ಆ ದಿನ ನಾನು ಬಾಗಿಲಲ್ಲಿ ನಿಂತೇ ಇದ್ದೆ. ನಮ್ಮತ್ತೆಯೇ ಎದ್ದು ಬಂದು ಟ್ರಂಕನ್ನು ಒಳಗೆ ಎಳೆದವಳು. ಅದಕ್ಕೇ ಮಗಳಿಗೆ ಅವಳ ಮೇಲೆ ಜೀವ. ಅವಳ ಚಿಕ್ಕಂದಿನಲ್ಲಿಯೂ ನಾನು ಗಾದಿ ಹೊಲಿಯುತ್ತಿದ್ದೆ, ಎತ್ತಿ ಆಡಿಸಿದವಳು ಅವಳು ಆಯಿ ಅನ್ನುವ ಈ ಅಜ್ಜಿಯೇ.

ನನ್ನ ಗಂಡ ಸತ್ತ ಮೇಲೆ ಹಿಂಜುವ ಮಿಷನ್ನಿನ ಮೇಲೆ ಮಗಳು ಕೂತಳು. ಅಲ್ಲಿಗೇ ಈ ಎರಡನೇ ಗಂಡು, ವಾಡಿ ಊರಿನವನು, ಬಂದದ್ದು. ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರು, ಗುತ್ತಿಗೆದಾರನ ಕೈಕೆಳಗೆ. ಹೆಂಡತಿ ಕಾಯಿಲೆಯಾಗಿ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಟೆಂಪೋದಲ್ಲಿ ಒಂದು ದೊಡ್ಡ ಗಾದಿ ಹಾಕಿಕೊಂಡು ಬಂದು, ಇದನ್ನು ಕಡಿದು ಎರಡು ಒಂಟಿ ಗಾದಿ ಮಾಡಿಕೊಡಿ, ಒಬ್ಬನಿಗೆ ಇಷ್ಟು ದೊಡ್ಡದು ಯಾಕೆ ಅಂದ. ಮಗಳು ಅರಳೆ ಒತ್ತಿ ನೋಡಿದಳು. ‘ಒಂದ ಇರ್ಲಿ ಬಿಡ್ರಿ, ಕಡಿದ್ರ ಹಾಳಾಗ್ತದ’ ಅಂದಳು. ಅವನು ನೋಡಿದ. ಗಾದಿಯನ್ನು ಹಾಗೆಯೇ ಟೆಂಪೋದಲ್ಲಿ ಹಾಕಿಕೊಂಡು ಹೋದ. ಒಂದು ಗಿರಾಕಿ ಹೋಯಿತು ಅಂತ ನಾನು ಬೈದೆ. ಎರಡು ತಿಂಗಳಿಗೆ ಅವನ ಅಕ್ಕ ಚಿಂಚೋಳಿಯಿಂದ ಹೆಣ್ಣು ಕೇಳಲು ಬಂದಳು.

ಆ ಹೆಂಗಸಿನ ಕನ್ನಡದಲ್ಲಿ ತೆಲುಗು ಬೆರೆತಿತ್ತು, ಆದರೆ ಮಾತು ಸ್ವಚ್ಛ. ತಮ್ಮನಿಗೆ ಆಂಧ್ರದ ಕಡೆ ಹೊಸ ಕಾರ್ಖಾನೆಯಲ್ಲಿ ಕಾಯಂ ಕೆಲಸ ಸಿಕ್ಕಿದೆ, ಬಕ್ರೀದಿಗೆ ಮೊದಲೇ ಹಾಜರಾಗಬೇಕು, ಮನೆ ಕೊಡುವುದು ಸಂಸಾರ ಇದ್ದವರಿಗೆ, ಹಾಗಾಗಿ ನಿಕಾ ಈಗಲೇ ಆಗಬೇಕು ಅಂದಳು. ಆಗದಿದ್ದರೆ ತನ್ನ ಗಂಡನ ಕಡೆ ಒಂದು ಹುಡುಗಿ ಇದೆ, ಅವರು ತಿಂಗಳುಗಿಂಗಳು ನೋಡುವವರಲ್ಲ ಅಂತಲೂ ಹೇಳಿದಳು. ಹೆದರಿಸುವ ದನಿಯಲ್ಲಿ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು.

ನಮ್ಮತ್ತೆ ಗೋಡೆಗೆ ಒರಗಿ ಕೂತಿದ್ದವಳು, ಖಾಲಿ ತಿಂಗಳಲ್ಲಿ ಆಗುವುದಿಲ್ಲ ಅಂದಳು.

ಚಿಂಚೋಳಿಯವಳು ನಕ್ಕಳು. ‘ಕಲಬುರ್ಗಿ ದರ್ಗಾದ ಉರುಸು ಇದೇ ತಿಂಗಳಾಗ ಅಲ್ಲೇನವ್ವಾ? ಅಲ್ಲಿ ಕಾಲಿಡಾಕ ಜಾಗ ಇರಾಂಗಿಲ್ಲ. ಖಾಲಿ ಎಲ್ಲದ?’

‘ಉರುಸು ಸತ್ತವ್ರ ದಿನ’ ಅಂದಳು ನಮ್ಮತ್ತೆ. ‘ನಿಕಾ ಬದುಕಿದವ್ರದು. ಎರಡೂ ಒಂದ ಮಾಡಬ್ಯಾಡ.’

ಚಿಂಚೋಳಿಯವಳು ಚಹಾ ಕುಡಿದು, ಮುಂದಿನ ಶುಕ್ರವಾರದ ಜುಮ್ಮಾದ ಒಳಗೆ ಹೇಳಿ ಕಳಿಸಿ ಅಂತ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಮಗಳು ಅಷ್ಟೊತ್ತೂ ಮಿಷನ್ನಿನ ಹತ್ತಿರ ಇದ್ದಳು. ಮಿಷನ್ನು ನಿಲ್ಲಿಸಿದ್ದಳು, ಅಂದರೆ ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ನಾನು ಜೋಳ ಹಸನು ಮಾಡುತ್ತಿದ್ದಾಗ ಹತ್ತಿರ ಬಂದು ಕೂತಳು. ಕೂದಲಲ್ಲಿ, ಹುಬ್ಬಿನಲ್ಲಿ ಅರಳೆಯ ಧೂಳು.

‘ಅಮ್ಮಾ, ನಾ ಹೋಗ್ತೀನಿ. ಯಾವ ತಿಂಗಳಾದ್ರೂ ಹೋಗ್ತೀನಿ’ ಅಂದಳು. ಜೋಳದೊಳಗಿನ ಒಂದು ಹರಳು ಹೆಕ್ಕಿ ಎಸೆದು, ‘ಆದ್ರ ಆಯಿ ಹೂಂ ಅಂದ್ರ’ ಅಂದಳು.

ಆಯಿ ಬೇಡ ಅಂದರೆ ಏನು ಮಾಡುತ್ತೀ ಅಂತ ಕೇಳಿದೆ. ಮಿಷನ್ನು ನಡೆಸುತ್ತೇನೆ ಅಂದಳು. ಅಳಲಿಲ್ಲ. ಅಳುವ ಹುಡುಗಿ ಅಲ್ಲ ಅವಳು. ಆದರೆ ಹಾಗೆ ಹೇಳಿದಾಗ ಅವಳ ದನಿ ನನ್ನ ದನಿಯ ಹಾಗೆಯೇ ಕೇಳಿಸಿತು. ಆ ದನಿ ಅರವತ್ತೈದಕ್ಕೆ ಬರಬೇಕು, ಮೂವತ್ತನಾಲ್ಕಕ್ಕೆ ಅಲ್ಲ. ನನಗೆ ಯಾವ ದೊಡ್ಡ ಆಸೆಯೂ ಇರಲಿಲ್ಲ. ಬೆನ್ನು ಹಿಡಿದುಕೊಂಡು ಗಾದಿಯ ಸುತ್ತ ತೆವಳುವುದನ್ನು ಇವಳೂ ನನ್ನ ವಯಸ್ಸಿನ ತನಕ ಮಾಡುವುದು ಬೇಡ ಅಂತ ಇತ್ತು, ಅಷ್ಟೇ.

ನಮ್ಮತ್ತೆಯ ಹಟ ಬರೀ ಹಟವಲ್ಲ, ಅದು ನನಗೆ ಗೊತ್ತಿತ್ತು. ಅವಳಿಗೆ ಒಬ್ಬಳೇ ಮಗಳು ಇದ್ದಳು, ನನ್ನ ನಾದಿನಿ. ನಾನು ಈ ಮನೆಗೆ ಬಂದ ವರ್ಷವೇ ಅವಳನ್ನು ಚಿತ್ತಾಪುರಕ್ಕೆ ಕೊಟ್ಟರು. ನನ್ನದೇ ವಯಸ್ಸು. ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದಳು, ಅವಳ ಕಣ್ಣ ಮುಂದೆ ಆಗಲಿ ಅಂತ ಅವಸರ ಮಾಡಿದರು. ನಮ್ಮ ಮಾವ ಹೂಂ ಅಂದ. ಖಾಲಿ ತಿಂಗಳು ಬೇಡ ಅಂತ ನಮ್ಮತ್ತೆ ಬಡಿದುಕೊಂಡಳು, ಯಾರೂ ಕೇಳಲಿಲ್ಲ. ಇನ್ನೊಂದು ಖಾಲಿ ತಿಂಗಳು ಬರುವುದರೊಳಗೆ ಆ ಹುಡುಗಿ ಸತ್ತಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಈ ಮನೆಯ ಒಳಕೋಣೆಯಲ್ಲೇ ಸತ್ತಳು.

ಅಂದಿನಿಂದ ನಮ್ಮತ್ತೆಗೆ ಎಲ್ಲದರ ಕಾರಣ ಆ ತಿಂಗಳೇ ಆಯಿತು. ಯಾರ ಮನೆಯಲ್ಲಿ ಏನೇ ಆದರೂ ಅವರ ನಿಕಾ ಯಾವ ತಿಂಗಳಲ್ಲಿ ಆಗಿತ್ತು ಅಂತ ಕೇಳುವಳು. ನನ್ನ ಮಗಳು ಸೇಡಂನಿಂದ ತಿರುಗಿ ಬಂದಾಗ ಅದು ಒಳ್ಳೆಯ ತಿಂಗಳಲ್ಲಾದ ನಿಕಾ ಅಂತ ನಾನು ನೆನಪು ಮಾಡಿದೆ. ಅದು ಹಣೆಬರಹ, ಇದು ತಿಂಗಳು, ಎರಡೂ ಬೇರೆ ಅಂದಳು. ಅವಳ ಜೊತೆ ಮಾತಿನಲ್ಲಿ ಗೆದ್ದವರನ್ನು ನಾನು ನೋಡಿಲ್ಲ.

ಮೌಲ್ವಿ ಸಾಬರನ್ನು ಕೇಳೋಣ ಅಂತ ಮಗಳೇ ಹೇಳಿದ್ದು. ನಮ್ಮತ್ತೆ ಬೇಡ ಅನ್ನಲಿಲ್ಲ. ಅವರೂ ತನ್ನ ಮಾತನ್ನೇ ಹೇಳುತ್ತಾರೆ ಅಂತ ಅವಳಿಗೆ ಖಾತ್ರಿ ಇತ್ತು. ಬಿಸಿಲು ಏರುವ ಮೊದಲು ಆಟೋ ತರಿಸಿ, ಅವಳನ್ನು ಇಬ್ಬರೂ ಎರಡು ಕಡೆ ಹಿಡಿದು ಕೂಡಿಸಿದೆವು. ಪಾಲಿಶ್ ಯಾರ್ಡುಗಳ ಹಾದಿ, ಎರಡೂ ಬದಿಗೆ ಬಿಳಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಆಟೋ ಎಗರಿದಾಗಲೆಲ್ಲ ಅವಳು ನನ್ನನ್ನೇ ಬೈಯುತ್ತಿದ್ದಳು, ಗಾಡಿ ನಾನು ಹೊಡೆಯುತ್ತಿದ್ದೇನೆ ಅನ್ನುವ ಹಾಗೆ.

ಮೌಲ್ವಿ ಸಾಬರು ಸಣ್ಣ ವಯಸ್ಸಿನವರು, ಬೀದರ ಕಡೆಯವರು. ಅವರ ಮನೆಯವರು ನಮ್ಮನ್ನು ಒಳಗೆ ಕೂಡಿಸಿ ಶರಬತ್ತು ಕೊಟ್ಟರು. ಅವರು ಪರದೆಯ ಆಚೆ ಪಡಸಾಲೆಯಲ್ಲಿ ಕೂತು ಉರ್ದುವಿನಲ್ಲಿ ಮಾತಾಡಿದರು. ನಮಗೆ ತಿಳಿಯದ್ದನ್ನು ಮಗಳು ಕನ್ನಡದಲ್ಲಿ ತಿರುಗಿಸಿ ಹೇಳಿದಳು. ಶಾಲೆಯಲ್ಲಿ ಉರ್ದು ಕಲಿತಿದ್ದಾಳೆ. ನನ್ನ ಓದು ಕನ್ನಡದ ಎರಡನೇ ಇಯತ್ತೆಗೆ ನಿಂತಿತು.

ಅವರು ಹೇಳಿದ್ದು ಇಷ್ಟು. ಆ ತಿಂಗಳ ಹೆಸರಿನಲ್ಲಿ ಖಾಲಿ ಅನ್ನುವ ಮಾತೇ ಇಲ್ಲ. ಜಿಲ್ಕಾದ ಅಂದರೆ ಕೂತುಕೊಳ್ಳುವ ತಿಂಗಳು. ನಮಾಜಿನಲ್ಲಿ ಮೊಳಕಾಲು ಮಡಚಿ ಕೂಡುತ್ತೇವಲ್ಲ, ಆ ಕೂಡುವುದಕ್ಕೆ ಕಾದಾ ಅನ್ನುತ್ತಾರೆ, ಅದೇ ಮಾತಿನಿಂದ ಬಂದ ಹೆಸರು. ಹಿಂದೆ ಅರಬರು ವರ್ಷವೆಲ್ಲ ಒಬ್ಬರ ಮೇಲೆ ಒಬ್ಬರು ಬಿದ್ದು ಹೊಡೆದಾಡುತ್ತಿದ್ದರು. ಈ ತಿಂಗಳು ಬಂತೆಂದರೆ ಕತ್ತಿ ಕೆಳಗಿಟ್ಟು, ಒಂಟೆ ಕಟ್ಟಿ, ಮನೆಯಲ್ಲಿ ಕೂಡುತ್ತಿದ್ದರು. ಮುಂದಿನ ತಿಂಗಳು ಹಜ್ಜು, ಹಾದಿಯಲ್ಲಿ ಹೋಗುವವರಿಗೆ ಭಯ ಇರಬಾರದು ಅಂತ. ರಕ್ತ ಹರಿಸಬಾರದ ನಾಲ್ಕು ತಿಂಗಳುಗಳಲ್ಲಿ ಇದೂ ಒಂದು. ಪೈಗಂಬರರು ಮಕ್ಕಾಕ್ಕೆ ಹೋಗಿ ಉಮ್ರಾ ಮಾಡಿದ್ದು ಈ ತಿಂಗಳಲ್ಲೇ. ಇಂಥದ್ದರಲ್ಲಿ ಕೇಡು ಎಲ್ಲಿಂದ ಬಂತು? ಖಾಲಿ ಅನ್ನುವುದು ನಮ್ಮ ಕಡೆಯ ಹೆಂಗಸರು ಇಟ್ಟ ಹೆಸರು, ಹಬ್ಬ ಇಲ್ಲ ಅಂತ ಇಟ್ಟದ್ದು, ಅದಕ್ಕೆ ಆಮೇಲೆ ಭಯ ಅಂಟಿಕೊಂಡಿತು. ನಿಕಾ ಯಾವ ದಿನವಾದರೂ ಮಾಡಬಹುದು.

ನಮ್ಮತ್ತೆ ಎಲ್ಲವನ್ನೂ ತಲೆ ಬಗ್ಗಿಸಿ ಕೇಳಿದಳು. ಒಪ್ಪಿದಳು ಅಂದುಕೊಂಡೆ.

‘ಕುಂದ್ರೋ ತಿಂಗಳು ಅಂದ್ರಿ’ ಅಂದಳು. ‘ಹಂಗಾದ್ರ ಕುಂದರ್ಲಿ ಅಕಿ. ತಿಂಗಳು ಮುಗಿದ ಮ್ಯಾಲ ಏಳ್ಲಿ.’

ಪರದೆಯ ಆಚೆ ಮೌಲ್ವಿ ಸಾಬರು ನಗು ತಡೆಯಲಾರದೆ ಕೆಮ್ಮಿದರು. ಅವರ ಮನೆಯವರು ಸೆರಗು ಬಾಯಿಗೆ ಹಿಡಿದರು. ನನಗೆ ನಗು ಬರಲಿಲ್ಲ, ಸೊಂಟ ನೋಯುತ್ತಿತ್ತು. ಕತ್ತಿ ಇಟ್ಟು ಕೂತ ಗಂಡಸರಿಗೆ ಕೂಡುವುದು ಅಂದರೆ ವಿಶ್ರಾಂತಿ. ಅವರು ಕೂತಾಗ ಒಲೆಯ ಮುಂದೆ ಯಾರಿದ್ದರು ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ನಾನು ಹದಿನೇಳಕ್ಕೆ ಕೂತವಳು. ಗಾದಿಯ ಅಂಚಿನಲ್ಲಿ ಕೂತು, ಟಾಕಾ ಹಾಕಿ, ಕೂತಲ್ಲೇ ಮುಂದಕ್ಕೆ ಸರಿದು, ಮತ್ತೆ ಟಾಕಾ. ಈಗ ಮೊಳಕಾಲು ಮಡಚುವುದಿಲ್ಲ, ನಮಾಜನ್ನೂ ಕುರ್ಚಿಯ ಮೇಲೆ ಮಾಡುತ್ತೇನೆ.

ಮನೆಗೆ ಬಂದ ಕೂಡಲೇ ಮಗಳು ಮಿಷನ್ನು ಹಚ್ಚಿದಳು. ಹಿಂಜುವುದಕ್ಕೆ ಏನೂ ಇರಲಿಲ್ಲ. ಹಿಂಜಿದ ಅರಳೆಯನ್ನೇ ಮತ್ತೆ ಹಾಕಿದಳು. ಆ ಸದ್ದಿನಲ್ಲಿ ಅವಳಿಗೆ ಒಳಗಿನ ಮಾತು ಕೇಳಿಸುವುದಿಲ್ಲ, ನಮಗೆ ಅವಳದು ಕೇಳಿಸುವುದಿಲ್ಲ.

ನಾನು ಅನ್ನ ಸಾರು ಕಲಸಿ ನಮ್ಮತ್ತೆಯ ಮುಂದೆ ಇಟ್ಟೆ. ಅವಳು ತಟ್ಟೆಗೆ ಕೈ ಹಾಕಲಿಲ್ಲ.

‘ಅವರು ಹೇಳಿದ್ದು ಖರೇನೇನು?’ ಅಂದಳು.

ಓದಿದವರು, ಸುಳ್ಳು ಯಾಕೆ ಹೇಳುತ್ತಾರೆ ಅಂದೆ.

‘ತಿಂಗಳಾಗ ಏನೂ ಇಲ್ಲ ಅಂದ್ರ, ನನ್ನ ಮಗಳು ಯಾಕ ಸತ್ಲು? ನೀ ಇದ್ದೆಲ್ಲ. ಹೇಳು.’

ನಲವತ್ತೇಳು ವರ್ಷದಲ್ಲಿ ಅವಳು ಒಂದು ದಿನ ಇದನ್ನು ಕೇಳಿರಲಿಲ್ಲ. ನಾನು ಹೇಳಿರಲೂ ಇಲ್ಲ. ನಾನಿದ್ದೆ, ಹೌದು. ಹೊಸ ಸೊಸೆ, ನೀರು ಕಾಯಿಸಿ ಕೊಡುವುದು, ಬಟ್ಟೆ ಹಿಂಡುವುದು ನನ್ನ ಕೆಲಸ. ನಾದಿನಿಗೆ ಹಿಂದಿನ ದಿನದಿಂದ ನೋವು. ಸೂಲಗಿತ್ತಿ ಮಗು ಅಡ್ಡ ಇದೆ, ಕಲಬುರ್ಗಿಗೆ ಒಯ್ಯಿರಿ ಅಂದಿದ್ದಳು. ಹೊರಗೆ ಓಣಿಯ ತುದಿಯಲ್ಲಿ ಫರ್ಸಿ ತುಂಬಿದ ಲಾರಿ ಕಲಬುರ್ಗಿಗೆ ಹೊರಟು ನಿಂತಿತ್ತು. ಡ್ರೈವರ್ ತಾನಾಗಿ ಬಂದು, ಮುಂದೆ ಡ್ರೈವರ್ ಸೀಟಿನ ಪಕ್ಕ ಕೂಡಿಸಿ, ಮೆಲ್ಲಗೆ ಹೊಡೆಯುತ್ತೇನೆ ಅಂದ. ಗಂಡಸರು ಕಲ್ಲಿನ ಖಣಿಗೆ ಕೂಲಿಗೆ ಹೋಗಿದ್ದರು, ಮನೆಯಲ್ಲಿ ಹೇಳುವವಳು ನಮ್ಮತ್ತೆ ಒಬ್ಬಳೇ. ಚೊಚ್ಚಲು ಅಂದರೆ ಹೊತ್ತು ಹಿಡಿಯುತ್ತದೆ, ಕಲ್ಲಿನ ಲಾರಿಯಲ್ಲಿ ಪರಗಂಡಸಿನ ಪಕ್ಕ ಕೂಡಿಸಿ ಕಳಿಸಿದರೆ ಚಿತ್ತಾಪುರದವರು ಏನು ಅನ್ನುತ್ತಾರೆ, ನೋಡೋಣ ತಡೆಯಿರಿ ಅಂದಳು. ಡ್ರೈವರ್ ಒಂದು ಬೀಡಿ ಸೇದುವಷ್ಟು ಹೊತ್ತು ಕಾದ. ಆಮೇಲೆ ಲಾರಿ ಹೋಯಿತು. ಸಂಜೆ ಗಂಡಸರು ಬರುವುದರೊಳಗೆ ತಾಯಿಯೂ ಇಲ್ಲ, ಮಗುವೂ ಇಲ್ಲ.

ಕೆಟ್ಟವಳಾಗಿ ಹಾಗೆ ಮಾಡಿದಳು ಅಂತ ನಾನು ಹೇಳುವುದಿಲ್ಲ. ಆ ಕಾಲಕ್ಕೆ ಹತ್ತು ತಾಯಂದಿರಲ್ಲಿ ಒಂಬತ್ತು ಮಂದಿ ಅದನ್ನೇ ಹೇಳುತ್ತಿದ್ದರು. ಆದರೆ ಅಷ್ಟು ವರ್ಷ ಆ ತಿಂಗಳನ್ನು ಅವಳು ಯಾಕೆ ಬಿಡಲಿಲ್ಲ ಅಂತ ನನಗೆ ಆ ಮಧ್ಯಾಹ್ನ ಪೂರಾ ತಿಳಿಯಿತು. ತಿಂಗಳ ಮೇಲಿದ್ದ ಭಾರ ತೆಗೆದರೆ ಅದನ್ನು ಎಲ್ಲಿಯಾದರೂ ಇಳಿಸಬೇಕು. ಮೌಲ್ವಿ ಸಾಬರಿಗೆ ಅದು ಗೊತ್ತಿರಲಿಲ್ಲ. ಅವರು ಒಂದು ಹೆಸರಿನ ಅರ್ಥ ಹೇಳಿ ಕಳಿಸಿದರು.

ಸುಳ್ಳು ಹೇಳಬಹುದಿತ್ತು. ಅಲ್ಲಾಹನ ಮರ್ಜಿ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊರಗೆ ಆ ಮಿಷನ್ನು ಬರಿದೇ ತಿರುಗುತ್ತಿತ್ತು.

‘ದವಾಖಾನಿಗಿ ಒಯ್ಯಲಿಲ್ಲ ನಾವು, ಅತ್ತಿ’ ಅಂದೆ.

ತಟ್ಟೆಯ ಮೇಲೆ ನೊಣ ಕೂತವು, ನಾನು ಓಡಿಸಿದೆ. ಮತ್ತೆ ಕೂತವು.

‘ನಾವಲ್ಲ’ ಅಂದಳು. ‘ನಾ.’

ಅವಳ ಕೈ ಹಿಡಿಯಬೇಕಿತ್ತೋ ಏನೋ. ನಮ್ಮ ಮನೆಯಲ್ಲಿ ಹಾಗೆ ಕೈ ಹಿಡಿಯುವ ರೂಢಿ ಇಲ್ಲ. ನೀರು ಕೊಟ್ಟೆ. ಅವಳು ಕುಡಿದು ಲೋಟ ಕೆಳಗಿಟ್ಟಳು, ಫರ್ಸಿಯ ಮೇಲೆ ಅದರ ಸದ್ದಾಯಿತು.

‘ಆ ವಾಡಿಯವನಿಗಿ ಹೇಳಿ ಕಳಿಸು’ ಅಂದಳು. ‘ಅವನ ಕಡಿ ಮಾಡ್ಕೋರಿ. ಈ ಮನ್ಯಾಗ ಬ್ಯಾಡ. ನಾ ಬರಾಂಗಿಲ್ಲ. ಗಾದಿನೂ ಈಗ ಹೊಲಿಬ್ಯಾಡ, ಚಂದ್ರ ಕಂಡ ಮ್ಯಾಲ ಹೊಲಿದು ಕಳಿಸು.’ ಆಮೇಲೆ, ‘ಹುಡುಗಿನ್ನ ಕರಿ’ ಅಂದಳು.

ನಾನು ಹೋಗಿ ಮಿಷನ್ನು ನಿಲ್ಲಿಸಿದೆ. ಮಗಳು ನನ್ನ ಮುಖ ನೋಡಿದಳು, ಏನೂ ತಿಳಿಯಲಿಲ್ಲ ಅವಳಿಗೆ. ಒಳಗೆ ಹೋಗಿ ಆಯಿಯ ಮುಂದೆ ಕೂತಳು. ಆಯಿ ಅವಳ ತಲೆ ತಡವಿ, ಕೂದಲಿನಿಂದ ಅರಳೆ ಹೆಕ್ಕಿ ಹೆಕ್ಕಿ ತೆಗೆದಳು. ತೆಗೆದದ್ದನ್ನು ತನ್ನ ಮಡಿಲಲ್ಲಿ ಹಾಕಿಕೊಂಡಳು. ಕಾಣದ ಕಣ್ಣಿಗೆ ಅಷ್ಟೊಂದು ಅರಳೆ ಹೇಗೆ ಸಿಕ್ಕಿತೋ. ‘ಹೋಗು’ ಅಂದಳು, ಅಷ್ಟೇ. ಇಷ್ಟು ಬೇಗ ಹೇಗೆ ಒಪ್ಪಿದಳು ಅಂತ ಮಗಳು ಆಮೇಲೆ ನನ್ನನ್ನು ಕೇಳಿದಳು. ಮೌಲ್ವಿ ಸಾಬರ ಮಾತು ಹಿಡಿಸಿತು ಅಂದೆ. ಇವತ್ತಿಗೂ ಅವಳಿಗೆ ಅಷ್ಟೇ ಗೊತ್ತು.

ಆ ವಾರದಲ್ಲೇ ಜುಮ್ಮಾ ನಮಾಜು ಮುಗಿದ ಮೇಲೆ ವಾಡಿಯ ಮಸೀದಿಯಲ್ಲಿ ನಿಕಾ ಆಯಿತು. ಹೆಂಗಸರೆಲ್ಲ ಅವನ ಕೋಣೆಯಲ್ಲಿ ಕೂತಿದ್ದೆವು. ರೈಲು ಹೋದಾಗಲೆಲ್ಲ ಗೋಡೆ ನಡುಗುತ್ತಿತ್ತು, ಮೇಲಿನಿಂದ ಸಿಮೆಂಟಿನ ಧೂಳು ಉದುರುತ್ತಿತ್ತು. ಹುಡುಗಿಯ ಒಪ್ಪಿಗೆ ಕೇಳುವ ನಿಕಾದ ವಕೀಲರು ಬಂದು ಕಬೂಲೇ ಅಂತ ಕೇಳಿದ ಹೊತ್ತಿಗೇ ಗೂಡ್ಸ್ ಗಾಡಿಯೊಂದು ಬಂತು. ಮಗಳು ಗಾಡಿ ಪೂರ್ತಿ ಹೋಗಲಿ ಅಂತ ತಡೆದು, ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕಬೂಲ್ ಅಂದಳು. ಚಿಂಚೋಳಿಯವಳು ಬಿರಿಯಾನಿ ಮಾಡಿಸಿದ್ದಳು, ಉಪ್ಪು ಹೆಚ್ಚಾಗಿತ್ತು.

ಸಾಮಾನು ನೋಡುವಾಗ ಒಬ್ಬ ಹೆಂಗಸು, ಪಿಂಜಾರರ ಹುಡುಗಿ ಗಾದಿ ಇಲ್ಲದೆ ಬಂದಿದ್ದಾಳೆ, ಕುಂಬಾರನ ಮನೆಯವಳು ಗಡಿಗೆ ಇಲ್ಲದೆ ಬಂದ ಹಾಗೆ ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಕ್ರೀದಿನ ಚಂದ್ರ ಕಂಡ ಮೇಲೆ ಕಳಿಸುತ್ತೇವೆ ಅಂದೆ. ಅಳಿಯ ಪಾಪ, ನನಗೆ ಬೇಸರ ಆಗದಿರಲಿ ಅಂತ, ‘ಇರ್ಲಿ ಬಿಡ್ರಿ, ಆ ಹಳಿ ಗಾದಿ ಅದಲ್ಲ, ಭಾಳ ಚೊಲೋ ಅದ’ ಅಂದ.

ಆ ಹಳೆಯ ಗಾದಿ ಅಲ್ಲೇ ಸುತ್ತಿ ಗೋಡೆಗೆ ಒರಗಿಸಿ ನಿಲ್ಲಿಸಿತ್ತು, ಹಗ್ಗ ಬಿಗಿದಿತ್ತು. ನಾನು ನೋಡಿದೆ, ಮಗಳೂ ನೋಡಿದಳು. ಅವನ ಸತ್ತ ಹೆಂಡತಿಯ ಗಾದಿ ಅದು. ಅದರ ಮೇಲೆಯೇ ಕಾಯಿಲೆ ಬಿದ್ದವಳು ಅವಳು. ಅವನಿಗೆ ಅದು ಹೊಳೆಯಲೂ ಇಲ್ಲ. ಒಳ್ಳೆಯವನು, ಆದರೆ ಗಂಡಸು. ಸೇಡಂನಲ್ಲಿ ಇವಳ ಗಾದಿಯ ಮೇಲೆ ಇನ್ನೊಬ್ಬಳು ಮಲಗಿದಳು, ಈಗ ಇನ್ನೊಬ್ಬಳ ಗಾದಿಯ ಮೇಲೆ ಇವಳು. ಮಗಳು ಟ್ರಂಕಿನ ಚಿಲಕ ಎರಡು ಸಲ ಹಾಕಿದಳು.

ಅವತ್ತು ಸಂಜೆಯ ಗಾಡಿಗೇ ಹೋದರು. ಪ್ಲಾಟ್‌ಫಾರ್ಮಿನಲ್ಲಿ ಆ ಗಾದಿಯನ್ನು ಒಳಗೆ ತುರುಕುವುದಕ್ಕೆ ಇಬ್ಬರು ಬೇಕಾದರು. ನಾನು ಶಹಾಬಾದಿನ ಪ್ಯಾಸೆಂಜರು ಹಿಡಿದು ಬಂದೆ. ಮನೆಯಲ್ಲಿ ನಮ್ಮತ್ತೆ ನಾನು ಬಿಟ್ಟು ಹೋದ ಜಾಗದಲ್ಲೇ ಕೂತಿದ್ದಳು. ಆಯಿತೇ ಅಂತ ಕೇಳಿದಳು, ಆಯಿತು ಅಂದೆ. ಬಿರಿಯಾನಿ ಕಟ್ಟಿಸಿಕೊಂಡು ಬಂದಿದ್ದೆ, ಬೇಡ ಅಂದಳು. ಇಬ್ಬರೂ ಉಪವಾಸವೇ ಮಲಗಿದೆವು. ನನಗೆ ಹೊಟ್ಟೆ ತುಂಬಿತ್ತು ಅಂತಲ್ಲ, ಎದ್ದು ತಟ್ಟೆ ಹಾಕಿಕೊಳ್ಳುವಷ್ಟು ಕಸುವು ಇರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಚಹಾ ಮಾಡಿದೆ. ಒಂದು ಲೋಟ ನಮ್ಮತ್ತೆಯ ಕೈಗೆ ಕೊಟ್ಟೆ. ಆಮೇಲೆ ಸ್ಟೂಲು ಹತ್ತಿ, ಜಂತಿಯ ಸಂದಿನಿಂದ ದಬ್ಬಣ ಇಳಿಸಿದೆ. ಮಗಳು ಎರಡೆರಡು ಸಲ ಹಿಂಜಿಟ್ಟ ಅರಳೆಯ ಚೀಲ ಎಳೆದು ತಂದು, ಪಡಸಾಲೆಯಲ್ಲಿ ಗಾದಿಯ ಹೊಸ ಖೋಳ ಹಾಸಿ, ತುಂಬತೊಡಗಿದೆ. ಮೊಳಕಾಲು ಮಡಚಲಾಗದೆ ಕಾಲು ಚಾಚಿಕೊಂಡೇ ಕೂತೆ. ಕೋಲಿನಿಂದ ಬಡಿದು ಸಮ ಮಾಡಿ, ದಾರ ಪೋಣಿಸಿ, ಮೊದಲ ಟಾಕಾ ಎಳೆದೆ. ಆ ದಪ್ಪ ದಾರ ಬಟ್ಟೆಯೊಳಗಿಂದ ಬರುವಾಗ ಸದ್ದಾಗುತ್ತದೆ, ನಮ್ಮ ಮನೆಯಲ್ಲಿ ಕುರುಡರಿಗೂ ಅದು ಏನು ಅಂತ ಗೊತ್ತು.

ನಮ್ಮತ್ತೆ ಲೋಟ ಹಿಡಿದು ಕೇಳುತ್ತಾ ಕೂತಿದ್ದಳು. ಬೈಯುತ್ತಾಳೆ ಅಂತ ಕಾದೆ. ಅವಳು ಚಹಾ ಮುಗಿಸಿ, ನೆಲದ ಮೇಲೆ ತೆವಳಿಕೊಂಡು ಬಂದು ಗಾದಿಯ ಅಂಚು ಹುಡುಕಿ ಹಿಡಿದಳು. ತುದಿಯ ತನಕ ಒತ್ತುತ್ತಾ ಹೋದಳು.

‘ಮೂಲಿಗಿ ಅರಳಿ ಕಮ್ಮಿ ತುಂಬ್ತಿ ನೀ ಯಾವಾಗ್ಲೂ’ ಅಂದಳು.

ನಾನು ಹಾಕಿದ ಟಾಕಾ ಬಿಚ್ಚಿ, ಮೂಲೆಗೆ ಇನ್ನೊಂದು ಹಿಡಿ ಅರಳೆ ತುರುಕಿದೆ.